ಕುಲುಮೆ ಆರಿದ ಊರಿನ ಯಂತ್ರಗೀತೆ

(ಬ್ರಿಟನ್ನಿನ ಕನ್ನಡಿಗರ ಓದುಬಳಗವೊಂದರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇಂದು ನಾನು ಮಾತನಾಡಲಿರುವುದು 1970ರ ದಶಕದ ಕೊನೆಯಲ್ಲಿ ಈ ದೇಶದ ಕೈಗಾರಿಕಾ ನಗರಗಳಲ್ಲಿ ಮೊಳೆತು, ಮುಂದಿನ ಹತ್ತು ವರ್ಷಗಳಲ್ಲಿ ಲೋಕವನ್ನೆಲ್ಲ ವ್ಯಾಪಿಸಿದ ಸಿಂಥ್‌ಪಾಪ್ ಮತ್ತು ನ್ಯೂ ವೇವ್ ಸಂಗೀತವನ್ನು ಕುರಿತು. ಬಂಡಾಯ ಸಾಹಿತ್ಯ, ರೈತ ಚಳವಳಿ, ವಲಸೆ ಕಾನೂನುಗಳನ್ನು ಚರ್ಚಿಸುವ ಈ ವೇದಿಕೆಯಲ್ಲಿ ಕುಣಿತದ ಹಾಡುಗಳಿಗೆ ಏನು ಕೆಲಸ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆ ಸಂಗೀತ ಇಂದು ನಮಗೆ ಕೇಳಸಿಗುವುದು ಸೂಪರ್‌ಮಾರ್ಕೆಟ್ಟಿನ ಹಿನ್ನೆಲೆಯಲ್ಲಿ, ಜಾಹೀರಾತುಗಳಲ್ಲಿ, ಹಳೆಯ ದಿನಗಳ ಹೆಸರಿನಲ್ಲಿ ಟಿಕೆಟ್ ಮಾರುವ ಸಂಜೆಗಳಲ್ಲಿ. ಬಣ್ಣ ಬಳಿದ ಮುಖ, ಉಬ್ಬಿಸಿದ ತಲೆಗೂದಲು, ಭುಜ ಎತ್ತರಿಸಿದ ಕೋಟು, ಇಷ್ಟೇ ಅದರ ನೆನಪಾಗಿ ಉಳಿದುಬಿಟ್ಟಿದೆ. ಮಾರುಕಟ್ಟೆ ನೆನಪನ್ನು ಮಾರುವಾಗ ಮೊದಲು ಕಳಚುವುದು ಅದರ ಚರಿತ್ರೆಯನ್ನು.

ಆ ಚರಿತ್ರೆಯನ್ನು ಇಲ್ಲಿ ಮತ್ತೆ ಹೇಳುವುದಕ್ಕೆ ಒಂದು ಕಾರಣವಿದೆ. ಇಲ್ಲಿ ಸೇರಿರುವ ನಮ್ಮಲ್ಲಿ ಹೆಚ್ಚಿನವರ ಅನ್ನ ಯಂತ್ರಗಳಿಂದ, ಅದರಲ್ಲೂ ಗಣಕಯಂತ್ರಗಳಿಂದ ಬರುತ್ತಿದೆ. ಯಂತ್ರವು ಮನುಷ್ಯನ ಕೆಲಸವನ್ನೂ ಕಲೆಯನ್ನೂ ಕಸಿದುಕೊಳ್ಳುತ್ತದೆಯೇ ಎಂಬ ಪ್ರಶ್ನೆ ಈಗ ನಮ್ಮ ಕಚೇರಿಗಳ ಒಳಗೇ ಬಂದು ಕುಳಿತಿದೆ. ನಲವತ್ತೈದು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಹಾಡಿನಲ್ಲಿ ಎದುರಿಸಿದವರು ಉಕ್ಕಿನ ಕಾರ್ಖಾನೆಗಳ, ಗಣಿಗಳ ನಾಡಿನ ಮಕ್ಕಳು. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಅವರ ಅನುಭವ ನಮಗೆ ಉತ್ತರ ಕೊಡುವುದಿಲ್ಲ. ಯಂತ್ರ ಯಾರ ಕೈಯಲ್ಲಿತ್ತು, ಯಾವ ಬೆಲೆಗೆ ಬಂತು, ಅದನ್ನು ಕಲಿಯಲು ಬೇಕಾದ ಬಿಡುವನ್ನು ಯಾರು ಒದಗಿಸಿದರು ಎಂದು ಕೇಳಿದರೆ ಮಾತ್ರ ಉತ್ತರ ದೊರೆಯುತ್ತದೆ. ನನ್ನ ಮಾತಿನ ಸಾರ ಇಷ್ಟೇ.

ಮೊದಲು ವಾದ್ಯದ ಮಾತು. ಸಿಂಥಸೈಜರ್ ವಿದ್ಯುತ್ ಕಂಪನಗಳಿಂದ ನಾದವನ್ನು ಕಟ್ಟುವ ಯಂತ್ರ. ಅಲ್ಲಿ ತಂತಿ ಮೀಟುವವರಿಲ್ಲ, ಕೊಳವೆ ಊದುವವರಿಲ್ಲ. ಆಸಿಲೇಟರ್ ಹುಟ್ಟಿಸಿದ ಅಲೆಯನ್ನು ಫಿಲ್ಟರುಗಳು ಸೋಸಿ ಸ್ವರಕ್ಕೆ ಆಕಾರ ಕೊಡುತ್ತವೆ. 1960ರ ದಶಕದಲ್ಲಿ ಈ ಯಂತ್ರಗಳು ಬೀರುವಿನಷ್ಟು ದೊಡ್ಡದಾಗಿದ್ದು, ವಿಶ್ವವಿದ್ಯಾಲಯಗಳಿಗೂ ಸಿರಿವಂತ ಸ್ಟುಡಿಯೋಗಳಿಗೂ ಮಾತ್ರ ಎಟುಕುತ್ತಿದ್ದವು. 1970ರಲ್ಲಿ ಬಂದ ಮಿನಿಮೂಗ್ ಗಾತ್ರವನ್ನು ಕುಗ್ಗಿಸಿತು. ಅದೇ ದಶಕದ ನಡುವಿನಲ್ಲಿ ಜಪಾನಿನ ಕೋರ್ಗ್, ರೋಲ್ಯಾಂಡ್ ಕಂಪನಿಗಳು ಬೆಲೆಯನ್ನೂ ಕುಗ್ಗಿಸಿದವು. ಪುಟ್ಟ ಸಂಬಳದ ಹುಡುಗನೊಬ್ಬ ಕೂಡಿಟ್ಟ ಹಣದಲ್ಲಿ ಕೊಂಡು, ಮಲಗುವ ಕೋಣೆಯ ಮೇಜಿನ ಮೇಲಿಡಬಹುದಾದ ವಾದ್ಯ ಅದಾಯಿತು. ಡ್ಯೂಸೆಲ್‌ಡಾರ್ಫಿನ ಕ್ರಾಫ್ಟ್‌ವೆರ್ಕ್ ತಂಡ 1974ರ 'ಆಟೋಬಾನ್' ಮೂಲಕ, ಮ್ಯೂನಿಕ್‌ನಲ್ಲಿ ಜಾರ್ಜಿಯೋ ಮೊರೋಡರ್ ಮತ್ತು ಕಪ್ಪು ಗಾಯಕಿ ಡೊನ್ನಾ ಸಮ್ಮರ್ 1977ರ 'ಐ ಫೀಲ್ ಲವ್' ಮೂಲಕ, ಯಂತ್ರದ ಲಯದಲ್ಲೂ ಮನುಷ್ಯನ ಮೈ ಕುಣಿಯಬಲ್ಲದೆಂದು ತೋರಿಸಿಕೊಟ್ಟಿದ್ದರು. ಆಗತಾನೆ ಎದ್ದಿದ್ದ ಪಂಕ್ ಚಳವಳಿ, ಹಾಡಲು ಪಾಂಡಿತ್ಯ ಬೇಕಿಲ್ಲ, ಹೇಳುವುದಿದ್ದರೆ ಸಾಕು ಎಂಬ ಧೈರ್ಯವನ್ನು ಎಳೆಯರಿಗೆ ಕೊಟ್ಟಿತ್ತು. ಅಗ್ಗದ ಯಂತ್ರವೂ ಈ ಧೈರ್ಯವೂ ಕೂಡಿದಾಗ ಸಿಂಥ್‌ಪಾಪ್ ಹುಟ್ಟಿತು.

ಅದು ಹುಟ್ಟಿದ ಊರುಗಳಲ್ಲಿ ಶೆಫೀಲ್ಡ್ ಮುಖ್ಯವಾದದ್ದು. ಶತಮಾನಗಳಿಂದ ಚೂರಿ ಚಾಕುಗಳಿಗೆ ಹೆಸರಾದ ಊರು. 1913ರಲ್ಲಿ ಹ್ಯಾರಿ ಬ್ರಿಯರ್ಲಿ ಸ್ಟೇನ್‌ಲೆಸ್ ಸ್ಟೀಲ್ ರೂಪಿಸಿದ್ದು ಇಲ್ಲಿಯೇ. ಇರುಳೆಲ್ಲ ಕಾರ್ಖಾನೆಗಳಿಂದ ಕೇಳಿಬರುತ್ತಿದ್ದ ಯಂತ್ರದ ಸುತ್ತಿಗೆಗಳ ಬಡಿತವನ್ನು ಈ ಊರಿನ ಸಂಗೀತಗಾರರು ಮತ್ತೆ ಮತ್ತೆ ನೆನೆದಿದ್ದಾರೆ. ಇಲ್ಲಿನ ಕಬಾರೆ ವೋಲ್ಟೇರ್ ತಂಡ 1973ರಲ್ಲೇ ಟೇಪು, ಸರ್ಕ್ಯೂಟುಗಳಿಂದ ಕರ್ಕಶವಾದ ಹೊಸ ನಾದಲೋಕವನ್ನು ಕಟ್ಟಲು ತೊಡಗಿತ್ತು. ಅದರ ಸದಸ್ಯ ಕ್ರಿಸ್ ವಾಟ್ಸನ್ ಟೆಲಿಫೋನ್ ಎಂಜಿನಿಯರ್. 1977ರಲ್ಲಿ ಹ್ಯೂಮನ್ ಲೀಗ್ ತಂಡವನ್ನು ಕಟ್ಟಿದ ಮಾರ್ಟಿನ್ ವೇರ್ ಮತ್ತು ಇಯಾನ್ ಕ್ರೇಗ್ ಮಾರ್ಷ್ ಕಂಪ್ಯೂಟರ್ ಆಪರೇಟರುಗಳಾಗಿದ್ದರು. ಅವರೊಡನೆ ಹಾಡಲು ಬಂದ ಫಿಲ್ ಓಕಿ ಆಸ್ಪತ್ರೆಯಲ್ಲಿ ರೋಗಿಗಳ ಗಾಲಿಮಂಚ ತಳ್ಳುವ ಕೆಲಸದಲ್ಲಿದ್ದವನು. ಟೆಲಿಫೋನು, ಕಂಪ್ಯೂಟರು, ಆಸ್ಪತ್ರೆ: ಕುಲುಮೆಗಳು ಒಂದೊಂದಾಗಿ ಆರುತ್ತಿದ್ದ ಊರಿನಲ್ಲಿ ಹೊಸ ತಲೆಮಾರಿಗೆ ಉಳಿದಿದ್ದ ಉದ್ಯೋಗಗಳು ಇವು.

ಈ ಹುಡುಗರು ಒಬ್ಬರನ್ನೊಬ್ಬರು ಸಂಧಿಸಿದ್ದು ಎಲ್ಲಿ ಎಂಬುದನ್ನು ನಾವು ಗಮನಿಸಬೇಕು. ಶೆಫೀಲ್ಡಿನ ನಗರಸಭೆಯ ಹಣದಿಂದ ನಡೆಯುತ್ತಿದ್ದ 'ಮೀಟ್‌ವಿಸಲ್' ಎಂಬ ಎಳೆಯರ ಕಲಾಕಮ್ಮಟದಲ್ಲಿ ವೇರ್, ಮಾರ್ಷ್ ಮತ್ತು ಮುಂದೆ ಹೆವನ್ 17 ತಂಡದ ಗಾಯಕನಾದ ಗ್ಲೆನ್ ಗ್ರೆಗರಿ ಜೊತೆಯಾದರು. ಕಾಸಿಲ್ಲದ ಮನೆಗಳ ಮಕ್ಕಳಿಗೆ ಅಲ್ಲಿ ಒಂದು ಕೋಣೆ, ಒಂದಿಷ್ಟು ಸಲಕರಣೆ, ಬೇಕಾದ್ದನ್ನು ಆಡಿ ಕೆಡಿಸುವ ಸ್ವಾತಂತ್ರ್ಯ ಸಿಕ್ಕಿತ್ತು. ಆ ಕಾಲದ ಎಷ್ಟೋ ಸಂಗೀತಗಾರರು ನಿರುದ್ಯೋಗ ಭತ್ಯೆಯಲ್ಲಿ ದಿನ ದೂಡುತ್ತ ಹಾಡು ಕಟ್ಟಿದರು. ಸ್ವಂತ ಸಾಹಸದಿಂದ ಮೇಲೆ ಬಂದ ಯುವಕರ ಕಥೆ ಎಂದು ಮುಂದೆ ಮಾರಾಟವಾದ ಈ ವೃತ್ತಾಂತದ ಬುಡದಲ್ಲಿ ತೆರಿಗೆಯ ಹಣವಿದೆ, ನಗರಸಭೆಯ ನಿರ್ಣಯವಿದೆ, ಕಲ್ಯಾಣ ರಾಜ್ಯದ ಆಸರೆಯಿದೆ. ಬೆಂಗಳೂರಿನ ಐಟಿ ಸಾಹಸಗಾಥೆಯನ್ನು ಕೇಳುವಾಗ ಅದರ ಹಿಂದಿರುವ ಸರ್ಕಾರಿ ಶಾಲೆಗಳನ್ನೂ ಸಾರ್ವಜನಿಕ ಉದ್ದಿಮೆಗಳನ್ನೂ ನೆನೆಯಬಲ್ಲ ನಮಗೆ ಇದು ಅಪರಿಚಿತವಾದ ಮಾತಲ್ಲ.

1979ರ ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬಂದರು. 1980ರ ಜನವರಿಯಲ್ಲಿ ಉಕ್ಕು ಕಾರ್ಮಿಕರು ದೇಶವ್ಯಾಪಿ ಮುಷ್ಕರ ಹೂಡಿದರು. ಅದು ಮೂರು ತಿಂಗಳು ನಡೆಯಿತು. 1982ರ ಜನವರಿಗೆ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷವನ್ನು ದಾಟಿತ್ತು. ಹ್ಯೂಮನ್ ಲೀಗಿನ 'ಡೇರ್' ಆಲ್ಬಂ ಮನೆಮನೆ ತಲುಪಿದ್ದು, ಅದರ 'ಡೋಂಟ್ ಯೂ ವಾಂಟ್ ಮಿ' 1981ರ ಕ್ರಿಸ್‌ಮಸ್ ವಾರದಲ್ಲಿ ಮೊದಲ ಸ್ಥಾನಕ್ಕೇರಿದ್ದು ಇಂಥ ಚಳಿಗಾಲದಲ್ಲಿ. ಆ ಹಾಡಿನ ಕಥೆ ಸಾಮಾನ್ಯವಾದದ್ದು. ಹೋಟೆಲಿನ ಕೆಲಸದಿಂದ ಮೇಲೆತ್ತಿದ್ದು ನಾನೇ ಎಂದು ಗಂಡು ಹೇಳುತ್ತಾನೆ. ನೀನಿಲ್ಲದಿದ್ದರೂ ನಾನು ಮೇಲೆ ಬರುತ್ತಿದ್ದೆ ಎಂದು ಹೆಣ್ಣು ಉತ್ತರಿಸುತ್ತಾಳೆ. ಹಾಗೆ ಉತ್ತರಿಸಿದ ಸೂಸನ್ ಸಲ್ಲಿ ಮತ್ತು ಅವಳ ಗೆಳತಿ ಜೋಆನ್ ಕ್ಯಾಥರಾಲ್ ವರ್ಷದ ಹಿಂದೆ ಶೆಫೀಲ್ಡಿನ ನೈಟ್‌ಕ್ಲಬ್ಬೊಂದರಲ್ಲಿ ಕುಣಿಯುತ್ತಿದ್ದ ಶಾಲಾ ಹುಡುಗಿಯರು. ತರಬೇತಿಯಿಲ್ಲದ ಅವರ ದನಿಯಲ್ಲಿ ಪಕ್ಕದ ಮನೆಯ ಹುಡುಗಿಯ ಸ್ವಾಭಿಮಾನವಿತ್ತು; ಕೇಳುಗರು ಅದನ್ನು ಗುರುತಿಸಿದರು.

ಇದೇ ಹೊತ್ತಿಗೆ ಯಂತ್ರದ ವಿರುದ್ಧ ಪ್ರತಿರೋಧವೂ ಎದ್ದಿತು. 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಕಾರ್ಮಿಕ ಸಂಘದ ಮಧ್ಯ ಲಂಡನ್ ಶಾಖೆ, ಸಿಂಥಸೈಜರುಗಳನ್ನೂ ಡ್ರಮ್ ಯಂತ್ರಗಳನ್ನೂ ನಿಷೇಧಿಸಬೇಕೆಂಬ ಗೊತ್ತುವಳಿಯನ್ನು ಅಂಗೀಕರಿಸಿತು. ಅಮೆರಿಕದ ಜನಪ್ರಿಯ ಗಾಯಕ ಬ್ಯಾರಿ ಮ್ಯಾನಿಲೋ ತನ್ನ ಬ್ರಿಟಿಷ್ ಪ್ರವಾಸದಲ್ಲಿ ವಾದ್ಯವೃಂದದ ಬದಲು ಸಿಂಥಸೈಜರುಗಳನ್ನು ಬಳಸಿದ್ದು ಇದಕ್ಕೆ ನೆಪವಾಯಿತು. ಸಂಘ ಇಡಿಯಾಗಿ ಈ ನಿಲುವನ್ನು ತಾಳಲಿಲ್ಲ, ನಿಷೇಧ ಜಾರಿಗೆ ಬರಲಿಲ್ಲ. ಇಂದು ಈ ಪ್ರಸಂಗವನ್ನು ನಗೆಚಾಟಿಕೆಯಾಗಿ ಹೇಳುವವರಿದ್ದಾರೆ. ನನಗೆ ನಗಲು ಮನಸ್ಸಾಗುವುದಿಲ್ಲ. ಹತ್ತು ಪಿಟೀಲುಗಾರರ ಸಂಬಳವನ್ನು ಒಂದು ಪೆಟ್ಟಿಗೆ ಉಳಿಸಿಕೊಟ್ಟಾಗ ಉಳಿದ ಹಣ ಹೋದದ್ದು ಕಾರ್ಯಕ್ರಮ ಏರ್ಪಡಿಸುವವನ ಕಿಸೆಗೆ. ಪಿಟೀಲುಗಾರರ ಆತಂಕ ನಿಜವಾದದ್ದು. ಆದರೆ ಶೆಫೀಲ್ಡಿನ ಗಾಲಿಮಂಚ ತಳ್ಳುವವನಿಗೆ ಅದೇ ಪೆಟ್ಟಿಗೆ ಬಾಯಿ ಕೊಟ್ಟಿತ್ತು. ಒಂದೇ ಯಂತ್ರ ಒಬ್ಬ ದುಡಿಮೆಗಾರನ ತುತ್ತು ಕಸಿಯಿತು, ಇನ್ನೊಬ್ಬನಿಗೆ ದನಿಯಾಯಿತು. ಗೊತ್ತುವಳಿ ಯಂತ್ರವನ್ನು ಗುರಿಯಾಗಿಸಿತು. ಉಳಿತಾಯದ ಹಣ ಯಾರ ಪಾಲಾಗಬೇಕೆಂಬ ಪ್ರಶ್ನೆ ಬದಿಗೆ ಸರಿಯಿತು. ಕಾರ್ಮಿಕ ಚಳವಳಿಯ ಚರಿತ್ರೆಯಲ್ಲಿ ಈ ತಪ್ಪು ಹೊಸದಲ್ಲ, ಕೊನೆಯದೂ ಅಲ್ಲ.

ಹಾಗೆಂದು ಈ ಸಂಗೀತಗಾರರೆಲ್ಲ ಎಡಪಂಥೀಯರಾಗಿದ್ದರೆಂದು ನಾವು ಕಲ್ಪಿಸಿಕೊಳ್ಳಬಾರದು. 1979ರಲ್ಲಿ ಸಿಂಥಸೈಜರನ್ನು ಬ್ರಿಟನ್ನಿನ ಜನಪ್ರಿಯತೆಯ ಶಿಖರಕ್ಕೇರಿಸಿದ ಗ್ಯಾರಿ ನ್ಯೂಮನ್ ಆ ವರ್ಷಗಳಲ್ಲಿ ಥ್ಯಾಚರ್ ಅವರ ಬಹಿರಂಗ ಬೆಂಬಲಿಗನಾಗಿದ್ದ. ಇತ್ತ ಹ್ಯೂಮನ್ ಲೀಗಿನಿಂದ ಒಡೆದು ಬಂದ ವೇರ್ ಮತ್ತು ಮಾರ್ಷ್ ಕಟ್ಟಿದ ಹೆವನ್ 17, 1981ರಲ್ಲಿ ಫ್ಯಾಸಿಸಂ ಮತ್ತು ಜನಾಂಗದ್ವೇಷದ ವಿರುದ್ಧ ಹೊರತಂದ ಮೊದಲ ಹಾಡಿಗೆ ಬಿಬಿಸಿ ಬಾಗಿಲು ಮುಚ್ಚಿತು. ಅದರಲ್ಲಿದ್ದ ರೊನಾಲ್ಡ್ ರೇಗನ್ ಅವರ ಪ್ರಸ್ತಾಪ ಮಾನನಷ್ಟಕ್ಕೆ ಎಡೆಗೊಟ್ಟೀತೆಂಬ ಭಯ ಅದಕ್ಕಿತ್ತು. ಅದೇ ವರ್ಷದ ಅವರ 'ಪೆಂಟ್‌ಹೌಸ್ ಅಂಡ್ ಪೇವ್‌ಮೆಂಟ್' ಆಲ್ಬಮ್ಮಿನ ಮುಖಪುಟದಲ್ಲಿ ತಂಡದವರು ಸೂಟು ತೊಟ್ಟು, ಕೈಕುಲುಕುತ್ತ, ಟೆಲಿಫೋನಿನಲ್ಲಿ ವ್ಯವಹಾರ ಕುದುರಿಸುವ ಕಂಪನಿ ಅಧಿಕಾರಿಗಳಂತೆ ಕಾಣಿಸಿಕೊಂಡರು. ಅದು ವ್ಯಂಗ್ಯ. ಆದರೆ ದಶಕ ಮುಂದುವರಿದಂತೆ ಸೂಟು ಉಳಿಯಿತು, ವ್ಯಂಗ್ಯ ಆವಿಯಾಯಿತು. ವಿಡಿಯೋಗಳಲ್ಲಿ ವಿಹಾರನೌಕೆಗಳೂ ಐಷಾರಾಮಿ ಬದುಕೂ ತುಂಬಿಕೊಂಡವು. ವ್ಯವಸ್ಥೆಯನ್ನು ಅಣಕಿಸಲು ಅದರ ವೇಷ ತೊಟ್ಟವರನ್ನು ವ್ಯವಸ್ಥೆ ಎಷ್ಟು ಸಲೀಸಾಗಿ ತನ್ನ ಮಾಡೆಲ್‌ಗಳನ್ನಾಗಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಆ ಕಾಲದ ಇನ್ನೊಂದು ನೆರಳು ಅಣುಬಾಂಬಿನದು. ಲಿವರ್‌ಪೂಲ್ ಬಳಿಯ ಓಎಂಡಿ ತಂಡದ 1980ರ 'ಎನೋಲಾ ಗೇ', ಹಿರೋಶಿಮಾದ ಮೇಲೆ ಬಾಂಬು ಹಾಕಿದ ವಿಮಾನದ ಹೆಸರನ್ನೇ ಹೊತ್ತ, ಮಕ್ಕಳೂ ಗುನುಗಬಹುದಾದಷ್ಟು ಸರಳವಾದ ಹಾಡು. 1983ರಲ್ಲಿ ಪಶ್ಚಿಮ ಜರ್ಮನಿಯ ನೇನಾ ತಂಡ, ಆಕಾಶಕ್ಕೆ ಹಾರಿಬಿಟ್ಟ ಬಲೂನುಗಳು ಯುದ್ಧಕ್ಕೆ ಕಾರಣವಾಗುವ ಕಥೆಯನ್ನು ಹಾಡಿತು. ಅಮೆರಿಕದ ಕ್ರೂಸ್ ಕ್ಷಿಪಣಿಗಳನ್ನು ವಿರೋಧಿಸಿ ಗ್ರೀನಮ್ ಕಾಮನ್‌ನಲ್ಲಿ ಹೆಂಗಸರು ಬಿಡಾರ ಹೂಡಿದ್ದ ದಿನಗಳವು. ಹೊರಗೆ ಕುಣಿತ, ಒಳಗೆ ದಿಗಿಲು. ಯಂತ್ರದ ತಣ್ಣನೆಯ ನಾದ ಆ ದಿಗಿಲಿಗೆ ಹೇಳಿ ಮಾಡಿಸಿದಂತಿತ್ತು.

ಈಗ ಈ ಚರಿತ್ರೆಯ ಹೃದಯಕ್ಕೆ ಬರುತ್ತೇನೆ. 1984ರ ಮಾರ್ಚ್ ತಿಂಗಳಲ್ಲಿ ಗಣಿಕಾರ್ಮಿಕರ ಮುಷ್ಕರ ಆರಂಭವಾಯಿತು. ಜೂನ್ 18ರಂದು ಶೆಫೀಲ್ಡಿಗೆ ಸಮೀಪದ ಓರ್‌ಗ್ರೀವ್‌ನಲ್ಲಿ ಕುದುರೆ ಪೊಲೀಸರು ಕಾರ್ಮಿಕರ ಮೇಲೆ ನುಗ್ಗಿದರು. ಅದೇ ಬೇಸಿಗೆಯಲ್ಲಿ ಬ್ರಾನ್‌ಸ್ಕಿ ಬೀಟ್ ಎಂಬ ಹೊಸ ತಂಡದ 'ಸ್ಮಾಲ್‌ಟೌನ್ ಬಾಯ್' ದೇಶದ ರೇಡಿಯೋಗಳಲ್ಲಿ ಮೊಳಗುತ್ತಿತ್ತು. ತಂಡದ ಮೂವರೂ ತಾವು ಸಲಿಂಗಪ್ರೇಮಿಗಳೆಂದು ಬಹಿರಂಗವಾಗಿ ಸಾರಿಕೊಂಡಿದ್ದರು. ಏಟು ತಿಂದು, ಮನೆಯವರ ತಿರಸ್ಕಾರಕ್ಕೆ ಗುರಿಯಾಗಿ, ಸಣ್ಣ ಊರಿನಿಂದ ರೈಲು ಹತ್ತಿ ಹೊರಡುವ ಹುಡುಗನ ಕಥೆಯನ್ನು ಗ್ಲಾಸ್ಗೋದ ಜಿಮ್ಮಿ ಸಾಮರ್‌ವಿಲ್ ತನ್ನ ಏರುದನಿಯಲ್ಲಿ ಹಾಡಿದ. ಸಿಂಥಸೈಜರಿನ ನಿರ್ಲಿಪ್ತ ಸ್ವರಗಳ ನಡುವೆ ಆ ದನಿ ಎಷ್ಟು ಒಂಟಿಯಾಗಿ ಕೇಳುತ್ತದೆಂದರೆ, ಊರು ಬಿಟ್ಟು ಬಂದ ಯಾರೂ ಅದನ್ನು ಕೇಳಿ ಸುಮ್ಮನಿರಲಾರರು. ಅವರ ಮೊದಲ ಆಲ್ಬಮ್ಮಿನ ಹೊದಿಕೆಯ ಮೇಲೆ ನಾಜಿ ಶಿಬಿರಗಳನ್ನು ನೆನಪಿಸುವ ಗುಲಾಬಿ ತ್ರಿಕೋನವಿತ್ತು. ಒಳಗೆ ಯೂರೋಪಿನ ಬೇರೆ ಬೇರೆ ದೇಶಗಳಲ್ಲಿ ಸಲಿಂಗ ಸಂಬಂಧಕ್ಕೆ ಕಾನೂನು ನಿಗದಿಪಡಿಸಿದ್ದ ವಯಸ್ಸಿನ ಪಟ್ಟಿಯಿತ್ತು. ಬ್ರಿಟನ್ನಿನಲ್ಲಿ ಅದು 21.

ಆ ವರ್ಷ ಲಂಡನ್ನಿನ ಸಲಿಂಗಪ್ರೇಮಿಗಳ ಒಂದು ಗುಂಪು ಗಣಿಕಾರ್ಮಿಕರಿಗಾಗಿ ಹಣ ಎತ್ತತೊಡಗಿತು. ಮಾರ್ಕ್ ಆಷ್ಟನ್ ಎಂಬ ಕಮ್ಯುನಿಸ್ಟ್ ಯುವಕ ಅದರ ಮುಂದಾಳುಗಳಲ್ಲೊಬ್ಬ. ಡಿಸೆಂಬರ್ 10ರಂದು ಕ್ಯಾಮ್‌ಡೆನ್‌ನ ಎಲೆಕ್ಟ್ರಿಕ್ ಬಾಲ್‌ರೂಮ್‌ನಲ್ಲಿ ಬ್ರಾನ್‌ಸ್ಕಿ ಬೀಟ್ ನಡೆಸಿಕೊಟ್ಟ ಕಛೇರಿಯಿಂದ 5,000 ಪೌಂಡಿಗೂ ಹೆಚ್ಚು ಹಣ ಕೂಡಿ, ವೇಲ್ಸ್‌ನ ಡಿಲೈಸ್ ಕಣಿವೆಯ ಕಾರ್ಮಿಕ ಕುಟುಂಬಗಳಿಗೆ ತಲುಪಿತು. ಮುಷ್ಕರ ಸೋತಿತು. 1985ರ ಮಾರ್ಚ್‌ನಲ್ಲಿ ಕಾರ್ಮಿಕರು ಕೆಲಸಕ್ಕೆ ಮರಳಿದರು. ಆದರೆ ಅದೇ ವರ್ಷದ ಲಂಡನ್ ಪ್ರೈಡ್ ಮೆರವಣಿಗೆಯಲ್ಲಿ ಗಣಿಕಾರ್ಮಿಕರು ತಮ್ಮ ಸಂಘದ ಧ್ವಜ ಹಿಡಿದು ನಡೆದರು. ಲೇಬರ್ ಪಕ್ಷದ ಸಮ್ಮೇಳನದಲ್ಲಿ ಸಲಿಂಗಪ್ರೇಮಿಗಳ ಹಕ್ಕುಗಳ ಪರವಾದ ಗೊತ್ತುವಳಿ ಗೆದ್ದಾಗ ಗಣಿಕಾರ್ಮಿಕ ಸಂಘದ ಮತಗಳು ಅದರ ಬೆನ್ನಿಗಿದ್ದವು. ಈ ಕಥೆಯನ್ನು 2014ರ 'ಪ್ರೈಡ್' ಚಲನಚಿತ್ರದಲ್ಲಿ ನಿಮ್ಮಲ್ಲಿ ಹಲವರು ನೋಡಿರಬಹುದು.

ಗೆಲುವುಗಳು ಸುಲಭವಾಗಿ ಬರಲಿಲ್ಲ. ಆಷ್ಟನ್ 1987ರಲ್ಲಿ ಏಡ್ಸ್‌ನಿಂದ ತೀರಿಕೊಂಡಾಗ ಅವನಿಗೆ ಇಪ್ಪತ್ತಾರು ವರ್ಷ. ಬಿಲ್ಲಿ ಬ್ರಾಗ್, ಪಾಲ್ ವೆಲ್ಲರ್, ಸಾಮರ್‌ವಿಲ್ ಮೊದಲಾದವರು ಲೇಬರ್ ಪಕ್ಷದ ಪರವಾಗಿ ಎಳೆಯರನ್ನು ಸೆಳೆಯಲು ಕಟ್ಟಿದ 'ರೆಡ್ ವೆಜ್' ಬಳಗದ ದುಡಿಮೆಯ ನಂತರವೂ ಆ ವರ್ಷದ ಚುನಾವಣೆಯಲ್ಲಿ ಥ್ಯಾಚರ್ ಮೂರನೆಯ ಬಾರಿ ಗೆದ್ದರು. ಮರುವರ್ಷ ಬಂದ ಸೆಕ್ಷನ್ 28, ಸಲಿಂಗಪ್ರೇಮವನ್ನು 'ಉತ್ತೇಜಿಸ'ದಂತೆ ಸ್ಥಳೀಯ ಸಂಸ್ಥೆಗಳ ಕೈಕಟ್ಟಿತು. ಅದು ಇಂಗ್ಲೆಂಡಿನಲ್ಲಿ ರದ್ದಾಗಲು 2003 ಆಗಬೇಕಾಯಿತು. ಬ್ರಿಟಿಷರು 1860ರಲ್ಲಿ ನಮ್ಮ ದಂಡಸಂಹಿತೆಗೆ ಸೇರಿಸಿ ಹೋದ 377ನೆಯ ಕಲಮಿನ ಕುಣಿಕೆ ಸಡಿಲವಾದದ್ದು 2018ರ ಸೆಪ್ಟೆಂಬರ್ 6ರಂದು. ಬ್ರಾನ್‌ಸ್ಕಿ ಬೀಟ್‌ನ ಪಟ್ಟಿಯನ್ನು ಓದುವಾಗ, ನಮ್ಮ ಊರುಗಳಿಂದ ರೈಲು ಹತ್ತಿ ಹೊರಟ ಹುಡುಗ ಹುಡುಗಿಯರನ್ನೂ ನಾವು ನೆನೆಯಬೇಕು. ಒಂದು ಹಾಡು ಸರ್ಕಾರವನ್ನು ಉರುಳಿಸುವುದಿಲ್ಲ. ಆದರೆ ಪರಸ್ಪರ ಅಪರಿಚಿತರಾದ ಎರಡು ಸಂಕಟಗಳನ್ನು ಅದು ಒಂದು ಸಂಜೆ ಒಂದೇ ಸಭಾಂಗಣದಲ್ಲಿ ಕೂಡಿಸಬಲ್ಲದು. ಉಳಿದದ್ದು ಸಂಘಟನೆಯ ಕೆಲಸ.

ಈ ಸಂಗೀತದ ಸಾಲದ ಲೆಕ್ಕವನ್ನೂ ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಸಿಂಥ್‌ಪಾಪ್‌ನ ಮುಖಗಳು ಬಹುಪಾಲು ಬಿಳಿಯ ಮುಖಗಳು; ಅದರ ಕುಣಿತದ ಜೀವ ಬಂದದ್ದು ಅಮೆರಿಕದ ಕಪ್ಪು ಜನರ ಮತ್ತು ಸಲಿಂಗಪ್ರೇಮಿಗಳ ಡಿಸ್ಕೋದಿಂದ. 1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದ ಜನಸಮೂಹದ ಸಿಟ್ಟಿನಲ್ಲಿ ಸಂಗೀತದ ಅಭಿರುಚಿಗಿಂತ ಬೇರೇನೋ ಇತ್ತು. ಡಿಸ್ಕೋ ಹೀಗೆ ಅವಮಾನಿತವಾದ ಬಳಿಕ ಅದೇ ಲಯ ಯೂರೋಪಿನ ವೇಷದಲ್ಲಿ ಮರಳಿ ಬಂದು ಮರ್ಯಾದೆ ಪಡೆಯಿತು. ಆದರೆ ಪ್ರವಾಹ ಒಂದೇ ದಿಕ್ಕಿಗೆ ಹರಿಯಲಿಲ್ಲ. ರೋಲ್ಯಾಂಡಿನ ಟಿಆರ್-808 ಡ್ರಮ್ ಯಂತ್ರ ಮಾರುಕಟ್ಟೆಯಲ್ಲಿ ಸೋತು 1983ರಲ್ಲಿ ತಯಾರಿಕೆ ನಿಂತಾಗ, ಸೆಕೆಂಡ್ ಹ್ಯಾಂಡ್ ಬೆಲೆಗೆ ಅದು ಕಪ್ಪು ಯುವಕರ ಕೈ ಸೇರಿತು. ಕಾರಿನ ಕಾರ್ಖಾನೆಗಳು ಮುಚ್ಚುತ್ತಿದ್ದ ಡೆಟ್ರಾಯಿಟ್ ಪ್ರದೇಶದಲ್ಲಿ ಹುವಾನ್ ಆಟ್ಕಿನ್ಸ್ ಮತ್ತು ಅವನ ಗೆಳೆಯರು ಕ್ರಾಫ್ಟ್‌ವೆರ್ಕ್‌ನ ಯಂತ್ರನಾದವನ್ನು ತಮ್ಮದಾಗಿಸಿಕೊಂಡು ಟೆಕ್ನೋ ಎಂಬ ಹೊಸ ಸಂಗೀತವನ್ನೇ ಕಟ್ಟಿದರು. ಶೆಫೀಲ್ಡಿನ ಕಥೆ ಇಲ್ಲಿ ಬೇರೊಂದು ಬಣ್ಣದಲ್ಲಿ ಮರುಕಳಿಸಿತು.

ನಮ್ಮ ಉಪಖಂಡವೂ ಈ ಕಥೆಯ ಹೊರಗಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, 1960ರ ದಶಕದಲ್ಲಿ ಇಂಗ್ಲೆಂಡಿಗೆ ವಲಸೆ ಬಂದು ಡಿಸ್ಕೋ ನಿರ್ಮಾಪಕನಾಗಿ ಹೆಸರಾದ ಬಿದ್ದು ಅಪ್ಪಯ್ಯ, 1981ರಲ್ಲಿ ಪಾಕಿಸ್ತಾನದ ನಾಜಿಯಾ ಹಸನ್ ದನಿಯಲ್ಲಿ 'ಡಿಸ್ಕೋ ದೀವಾನೆ' ಹೊರತಂದರು. ಗಡಿಯ ಎರಡೂ ಬದಿಗಳಲ್ಲಿ ಅದು ಕೇಳಿಬಂತು. 1982ರಲ್ಲಿ ಹಿಂದಿ ಚಿತ್ರರಂಗದ ವಾದ್ಯಗಾರ ಚರಣ್‌ಜಿತ್ ಸಿಂಗ್ ಮುಂಬಯಿಯಲ್ಲಿ ಹತ್ತು ರಾಗಗಳನ್ನು ರೋಲ್ಯಾಂಡ್ ಯಂತ್ರಗಳಲ್ಲಿ ನುಡಿಸಿ ಆಲ್ಬಂ ಮಾಡಿದರು; ಆಗ ಯಾರೂ ಕಿವಿಗೊಡಲಿಲ್ಲ, 2010ರಲ್ಲಿ ಮರುಬಿಡುಗಡೆಯಾದಾಗ ಲೋಕ ಬೆರಗಾಯಿತು. ಇವೆಲ್ಲಕ್ಕಿಂತ ನಮ್ಮ ಮನೆಗೆ ಹತ್ತಿರದ ಉದಾಹರಣೆ, ಬೆಂಗಳೂರಿನ ಎಂಜಿನಿಯರ್ ಮತ್ತು ಕೊಳಲುವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮತ್ತು ತಂಬೂರಿ. ಹ್ಯೂಮನ್ ಲೀಗ್ ಹುಟ್ಟಿದ ಕಾಲದಲ್ಲೇ ಅದೂ ಹುಟ್ಟಿತು. ವಿದೇಶದಲ್ಲಿ ಮಗುವಿಗೆ ಸರಳೆ ವರಸೆ ಹೇಳಿಕೊಡುವ ಕನ್ನಡಿಗರ ಮನೆಯಲ್ಲಿ ಆ ಪೆಟ್ಟಿಗೆ, ಅಥವಾ ಅದರ ಮೊಬೈಲ್ ರೂಪ, ಇದ್ದೇ ಇರುತ್ತದೆ. ವೇದಿಕೆಯಲ್ಲಿ ಗಾಯಕರ ಹಿಂದೆ ಕುಳಿತು ತಂಬೂರಿ ಮೀಟುತ್ತಿದ್ದವರ ಜಾಗ ಕಿರಿದಾಯಿತು ನಿಜ. ತಂಬೂರಿ ಹಿಡಿಯುವವರನ್ನು ಹೊಂದಿಸಲಾಗದ ಸಾವಿರಾರು ಮನೆಗಳಲ್ಲಿ ಶ್ರುತಿ ಕೂಡಿದ್ದೂ ನಿಜ.

ಕೊನೆಯದಾಗಿ ನಮ್ಮ ಕಾಲಕ್ಕೆ ಬರೋಣ. 1983ರಲ್ಲಿ ಡೇವ್ ಸ್ಮಿತ್ ಮತ್ತು ಇಕುತಾರೋ ಕಾಕೆಹಾಶಿ ಮುಂದಾಳುತನದಲ್ಲಿ 'ಮಿಡಿ' ಎಂಬ ಮಾನದಂಡ ರೂಪುಗೊಂಡಿತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತನಾಡಲು ಅನುವು ಮಾಡಿಕೊಟ್ಟ ಈ ಭಾಷೆಯನ್ನು ಯಾವ ರಾಯಧನವೂ ಇಲ್ಲದೆ ಎಲ್ಲರಿಗೂ ತೆರೆದಿಟ್ಟರು. ಪೈಪೋಟಿಯಲ್ಲಿದ್ದ ಕಂಪನಿಗಳೇ ಸೇರಿ ಒಂದು ಸಾಮಾನ್ಯ ಸ್ವತ್ತನ್ನು ನಿರ್ಮಿಸಿದವು. ಇಂದಿಗೂ ಅದು ಬಳಕೆಯಲ್ಲಿದೆ. ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ಸಂಗೀತಯಂತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೋರ್ಗ್ ಕೊಂಡ ಹುಡುಗ ಅದರ ಒಡೆಯನಾಗಿದ್ದ. ತಿರುಗಿಸಬೇಕಾದ ಗುಂಡಿಗಳನ್ನು ತಾನೇ ತಿರುಗಿಸಿದ, ಕೆಟ್ಟರೆ ತಾನೇ ಬಿಚ್ಚಿದ. ಹೊಸ ಯಂತ್ರವನ್ನು ನಾವು ಕೊಳ್ಳಲಾರೆವು, ತಿಂಗಳ ಬಾಡಿಗೆ ತೆರಬಹುದು. ಸಿಂಥಸೈಜರ್ ತನ್ನ ನಾದವನ್ನು ವಿದ್ಯುತ್ತಿನಿಂದ ಪಡೆಯಿತು. ಹೊಸ ಯಂತ್ರ ಅದನ್ನು ಪಡೆಯುವುದು ಇತರರು ಈಗಾಗಲೇ ಹಾಡಿದ ಹಾಡುಗಳಿಂದ. 2025ರ ಫೆಬ್ರವರಿಯಲ್ಲಿ, ಹಕ್ಕುಸ್ವಾಮ್ಯದ ಕಾನೂನನ್ನು ಸಡಿಲಿಸಲು ಬ್ರಿಟಿಷ್ ಸರ್ಕಾರ ಮುಂದಾದುದನ್ನು ಪ್ರತಿಭಟಿಸಿ ಸಾವಿರಕ್ಕೂ ಹೆಚ್ಚು ಸಂಗೀತಗಾರರು ಒಂದು ಆಲ್ಬಮ್ಮಿಗೆ ಹೆಸರು ಕೊಟ್ಟರು. ಅದರಲ್ಲಿ ಹಾಡಿಲ್ಲ, ಖಾಲಿ ಸ್ಟುಡಿಯೋಗಳ ನಿಶ್ಶಬ್ದವಷ್ಟೇ ಇದೆ. ಹೆಸರು ಕೊಟ್ಟವರಲ್ಲಿ ಯೂರಿತ್ಮಿಕ್ಸ್‌ನ ಆನಿ ಲೆನಾಕ್ಸ್ ಒಬ್ಬರು. 1983ರಲ್ಲಿ ಯಂತ್ರದ ಜೊತೆಗೆ ಹಾಡಿ ಲೋಕವನ್ನು ಗೆದ್ದವರು ಇಂದು ಯಂತ್ರದ ಎದುರು ಮೌನವನ್ನು ಧ್ವನಿಮುದ್ರಿಸಿದ್ದಾರೆ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಅಂದಿನ ಯಂತ್ರ ಅವರ ಕೈಯಲ್ಲಿತ್ತು.

ಇಂಥ ಯಂತ್ರಗಳನ್ನು ಬರೆಯುವವರು, ಪರೀಕ್ಷಿಸುವವರು, ಮಾರುವವರು ನಮ್ಮ ನಡುವೆಯೇ ಇದ್ದಾರೆ. 1982ರ ಗೊತ್ತುವಳಿಯಂತೆ ಯಂತ್ರವನ್ನೇ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಕಲಿತ ಹಾಡಿಗೆ ಹಾಡಿದವರ ಒಪ್ಪಿಗೆ ಪಡೆಯಲಾಗಿದೆಯೇ, ಉಳಿತಾಯದಲ್ಲಿ ಕೆಲಸ ಕಳೆದುಕೊಂಡವರಿಗೆ ಪಾಲಿದೆಯೇ, ನಮ್ಮ ಕಚೇರಿಯಲ್ಲಿ ಈ ಪ್ರಶ್ನೆ ಕೇಳಲು ಒಂದು ಸಂಘವಿದೆಯೇ, ಇಲ್ಲದಿದ್ದರೆ ಅದನ್ನು ಕಟ್ಟಲು ನಾವು ಸಿದ್ಧರಿದ್ದೇವೆಯೇ? ಮೀಟ್‌ವಿಸಲ್‌ನಂಥ ಒಂದು ಕೋಣೆ ಇಂದಿನ ಬಡ ಮಕ್ಕಳಿಗೆ ಈ ನಗರಗಳಲ್ಲಿ, ನಮ್ಮ ರಾಯಚೂರು, ಕೋಲಾರಗಳಲ್ಲಿ ದೊರೆಯುವಂತೆ ಒತ್ತಾಯಿಸಲು ನಮಗೆ ದನಿಯಿದೆಯೇ? ಈ ಪ್ರಶ್ನೆಗಳೊಂದಿಗೆ ಮನೆಗೆ ಹೋಗಿ ಆ ಹಳೆಯ ಹಾಡುಗಳನ್ನು ಮತ್ತೊಮ್ಮೆ ಕೇಳಬೇಕೆಂದು ಕೋರುತ್ತ ನನ್ನ ಮಾತುಗಳನ್ನು ಮುಗಿಸುತ್ತೇನೆ.